ಸ್ಯಾನ್ ಡಿಯಾಗೊ ಕಾಮಿಕ್-ಕಾನ್‌ಗೆ ಮೊದಲ ಸಲ ಹೋಗುವವರಿಗೆ: ಬ್ಯಾಡ್ಜ್‌ನಿಂದ ಭಾನುವಾರ ಸಂಜೆಯವರೆಗೆ

ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಊರಿನಲ್ಲಿ ಪ್ರತಿ ಜುಲೈನಲ್ಲಿ ಕಾಮಿಕ್-ಕಾನ್ ಅನ್ನುವ ಕಾಮಿಕ್ಸ್ ಸಮ್ಮೇಳನ ನಡೆಯುತ್ತದೆ. ಜೂನ್ ಬಂತು ಅಂದರೆ ನನಗೆ ಒಂದೇ ಪ್ರಶ್ನೆ ಬರಲು ಶುರುವಾಗುತ್ತದೆ. "ಈ ವರ್ಷ ನಾವೂ ಕಾಮಿಕ್-ಕಾನ್‌ಗೆ ಬರೋಣ ಅಂತಿದ್ದೀವಿ, ಟಿಕೆಟ್ ಗೇಟ್‌ನಲ್ಲೇ ಸಿಗುತ್ತಾ?" ಸಿಗುವುದಿಲ್ಲ. ಜೂನ್‌ನಲ್ಲಿ ಕೇಳಿದವರಿಗೆ ನಾನು ಹೇಳಬಹುದಾದದ್ದು ಮುಂದಿನ ವರ್ಷದ ತಯಾರಿ ಮಾತ್ರ. ಪ್ರತಿ ಸಲ ಒಬ್ಬೊಬ್ಬರಿಗೇ ಬಿಡಿಸಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಬೆಂಗಳೂರಿನಲ್ಲೂ 2012ರಿಂದ ಕಾಮಿಕ್ ಕಾನ್ ನಡೆಯುತ್ತಿದೆ. ಅಲ್ಲಿಗೆ ಹೋಗಿ ಬಂದವರು ಇದೂ ಹಾಗೇ ಇರಬೇಕು, ಸ್ವಲ್ಪ ದೊಡ್ಡದು ಅಷ್ಟೇ ಅಂದುಕೊಳ್ಳುತ್ತಾರೆ. ಸ್ಯಾನ್ ಡಿಯಾಗೊದ ಲೆಕ್ಕವೇ ಬೇರೆ. 1970ರ ಮಾರ್ಚ್‌ನಲ್ಲಿ ಒಂದು ಹೋಟೆಲಿನ ನೆಲಮಾಳಿಗೆಯಲ್ಲಿ ಒಂದು ದಿನದ ಸಣ್ಣ ಸಭೆಯಾಗಿ ಶುರುವಾದದ್ದು ಇದು. ಅದೇ ಆಗಸ್ಟ್‌ನಲ್ಲಿ ಮೂರು ದಿನದ ಮೊದಲ ಸಮ್ಮೇಳನ ನಡೆದಾಗ ಬಂದವರು ಸುಮಾರು 300 ಜನ. ಈಗ 1,30,000ಕ್ಕೂ ಹೆಚ್ಚು ಜನ ಬರುತ್ತಾರೆ. 1991ರಿಂದ ಕಡಲ ಪಕ್ಕದ ಕನ್ವೆನ್ಷನ್ ಸೆಂಟರ್‌ನಲ್ಲಿ ನಡೆಯುತ್ತಿದೆ. ನಡೆಸುವುದು ಲಾಭದ ಉದ್ದೇಶವಿಲ್ಲದ ಒಂದು ಸಂಸ್ಥೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಟಿವಿಯಲ್ಲಿ ಕಾಣುವುದು ಸಿನಿಮಾ ತಾರೆಯರು, ಟ್ರೇಲರ್, ಕಿರುಚಾಟ. ಆದರೆ ಇದರ ಜೀವ ಇರುವುದು ಕಾಮಿಕ್ಸ್ ಬರೆಯುವವರ, ಮಾರುವವರ, ಓದುವವರ ಮೇಜುಗಳಲ್ಲಿ. ಕೆಳಗಿನ ಸಲಹೆಗಳೆಲ್ಲ ಈ ನಂಬಿಕೆಯ ಮೇಲೆ ನಿಂತಿವೆ.

1. ಮೊದಲು ಮೆಂಬರ್ ಐಡಿ

ಇಲ್ಲಿ ಟಿಕೆಟ್ ಅನ್ನುವುದಿಲ್ಲ, ಬ್ಯಾಡ್ಜ್ ಅನ್ನುತ್ತಾರೆ. ಕೊರಳಿಗೆ ಹಾಕಿಕೊಳ್ಳುವ, ಒಳಗೆ ಚಿಪ್ ಇರುವ ಕಾರ್ಡ್ ಅದು. ಬ್ಯಾಡ್ಜ್ ಕೊಳ್ಳಬೇಕಾದರೆ ಮೆಂಬರ್ ಐಡಿ ಬೇಕು. ಕಾಮಿಕ್-ಕಾನ್‌ನ ಸ್ವಂತ ತಾಣದಲ್ಲಿ ಹೆಸರು, ವಿಳಾಸ ಕೊಟ್ಟು ಪುಕ್ಕಟೆಯಾಗಿ ಮಾಡಿಕೊಳ್ಳುವ ಖಾತೆ ಅದು. 13 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ಬೇಕು. ಗಂಡನ ಖಾತೆಯಲ್ಲಿ ಹೆಂಡತಿಗೂ ಸೇರಿಸಿ ಕೊಳ್ಳುತ್ತೇನೆ ಅಂದರೆ ಆಗುವುದಿಲ್ಲ.

ಪ್ರತಿ ಮಾರಾಟಕ್ಕೂ ಮುಂಚೆ ಒಂದು ಕೊನೆಯ ದಿನ ಇರುತ್ತದೆ. ಅದರ ನಂತರ ಮಾಡಿದ ಖಾತೆ ಆ ವರ್ಷಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಹೋಗುವ ಮನಸ್ಸು ಅರ್ಧ ಇದ್ದರೂ ಇವತ್ತೇ ಮಾಡಿಡಿ.

ನಮ್ಮವರು ಎಡವುವುದು ಹೆಸರಿನಲ್ಲಿ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು, ಊರ ಹೆಸರು ಸೇರಿರುತ್ತದೆ. ಲೈಸೆನ್ಸ್‌ನಲ್ಲಿ ಇನ್ನೊಂದು ಥರ ಇರುತ್ತದೆ. ಆಫೀಸಿನಲ್ಲಿ ಕರೆಯುವ ಹೆಸರು ಮತ್ತೊಂದು. ಅಲ್ಲಿ ಯಾವ ಗುರುತಿನ ಚೀಟಿ ತೋರಿಸುತ್ತೀರೋ ಅದರಲ್ಲಿರುವ ಹಾಗೇ ಖಾತೆಯಲ್ಲೂ ತುಂಬಿ.

2. ಬ್ಯಾಡ್ಜ್ ಮಾರಾಟದ ದಿನ

ಮಾರಾಟ ಎರಡು ಸುತ್ತಿನಲ್ಲಿ ನಡೆಯುತ್ತದೆ. ಮೊದಲನೆಯದು ರಿಟರ್ನಿಂಗ್ ರಿಜಿಸ್ಟ್ರೇಷನ್. ಹಿಂದಿನ ಸಲ ಬ್ಯಾಡ್ಜ್ ಕೊಂಡಿದ್ದವರಿಗೆ ಮಾತ್ರ. ಎರಡನೆಯದು ಓಪನ್ ರಿಜಿಸ್ಟ್ರೇಷನ್. ಇದು ಎಲ್ಲರಿಗೂ. ಎರಡೂ ಸಾಮಾನ್ಯವಾಗಿ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಮುಗಿದುಹೋಗುತ್ತವೆ. ಮೊದಲ ಸಲದವರಿಗೆ ಎರಡನೆಯದೇ ಗತಿ.

ಆ ದಿನ ವೇಟಿಂಗ್ ರೂಮ್ ಅಂತ ಒಂದು ಪುಟ ತೆರೆಯುತ್ತದೆ. ಮಾರಾಟ ಶುರುವಾಗುವ ಮುಂಚೆ ಅದರೊಳಗೆ ಸೇರಿಕೊಂಡಿರಬೇಕು. ಶುರುವಾದಾಗ ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಜನರನ್ನು ಕಲಸಿ ಒಳಗೆ ಬಿಡುತ್ತದೆ. ಮೊದಲು ಬಂದವರಿಗೆ ಮೊದಲು ಅನ್ನುವ ನಿಯಮ ಇಲ್ಲ. ಆದ್ದರಿಂದ ಮಧ್ಯರಾತ್ರಿಯಿಂದ ಕಾಯಬೇಕಿಲ್ಲ, ಆದರೆ ಒಂದು ನಿಮಿಷ ತಡವಾದರೂ ಅವಕಾಶ ಹೋಯಿತು. ಕ್ಯಾಲಿಫೋರ್ನಿಯಾದ ಬೆಳಗ್ಗೆ 9 ಗಂಟೆ ಅಂದರೆ ಭಾರತದಲ್ಲಿ ರಾತ್ರಿ 9:30. ನವೆಂಬರ್ ಮೊದಲ ವಾರದಲ್ಲಿ ಅಮೆರಿಕದ ಗಡಿಯಾರ ಹಿಂದಕ್ಕೆ ಹೋದ ಮೇಲೆ ರಾತ್ರಿ 10:30.

ನೆನಪಿಡಬೇಕಾದದ್ದು ಇಷ್ಟು. ಒಂದು ಐಡಿಯನ್ನು ಒಂದೇ ಕಂಪ್ಯೂಟರ್‌ನಲ್ಲಿ ತೆರೆಯಿರಿ. ಪುಟವನ್ನು ರಿಫ್ರೆಶ್ ಮಾಡಬೇಡಿ. ಒಬ್ಬರು ತಮ್ಮದೂ ಸೇರಿ ಮೂವರಿಗೆ ಕೊಳ್ಳಬಹುದು, ಹಾಗಾಗಿ ಮನೆಯವರ, ಸ್ನೇಹಿತರ ಐಡಿ ಸಂಖ್ಯೆ ಮತ್ತು ಹೆಸರು ಕಾಗದದ ಮೇಲೆ ಬರೆದುಕೊಂಡು ಕೂರಿ. ಎಲ್ಲರೂ ಬೇರೆ ಬೇರೆಯಾಗಿ ವೇಟಿಂಗ್ ರೂಮ್‌ಗೆ ಸೇರಿ. ಯಾರ ಸರದಿ ಮೊದಲು ಬರುತ್ತದೋ ಅವರು ಉಳಿದವರಿಗೂ ಕೊಳ್ಳಲಿ. ಇದೊಂದೇ ಉಪಾಯ ನಿಜವಾಗಿ ಕೆಲಸ ಮಾಡುವುದು.

ಮುಖ್ಯ ದಿನಗಳು ಗುರುವಾರದಿಂದ ಭಾನುವಾರದವರೆಗೆ. ದಿನದ ಲೆಕ್ಕದಲ್ಲಿ ಕೊಳ್ಳಬಹುದು. ಇತ್ತೀಚಿನ ವರ್ಷಗಳಲ್ಲಿ ದೊಡ್ಡವರಿಗೆ ಒಂದು ದಿನಕ್ಕೆ ಸುಮಾರು 80 ಡಾಲರ್, ಭಾನುವಾರಕ್ಕೆ ಅದಕ್ಕಿಂತ ಕಡಿಮೆ. ಬುಧವಾರ ಸಂಜೆ ಪ್ರಿವ್ಯೂ ನೈಟ್ ಅಂತ ಮೂರು ಗಂಟೆ ಮಳಿಗೆಗಳನ್ನು ಮಾತ್ರ ತೆರೆಯುತ್ತಾರೆ. ಅದು ನಾಲ್ಕೂ ದಿನ ಕೊಂಡವರಿಗೆ ಹೆಚ್ಚಿನ ಹಣಕ್ಕೆ ಸಿಗುತ್ತದೆ. ಶನಿವಾರ ಮತ್ತು ಪ್ರಿವ್ಯೂ ನೈಟ್ ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತವೆ. ಸಿಗಲಿಲ್ಲ ಅಂತ ಬೇಜಾರಾಗಬೇಡಿ. ಕಾಮಿಕ್ಸ್ ನೋಡಲು ಬರುವವರಿಗೆ ಗುರುವಾರವೇ ಒಳ್ಳೆಯ ದಿನ.

ಬೇರೆಯವರ ಬ್ಯಾಡ್ಜ್ ಮಾತ್ರ ಯಾವ ಕಾರಣಕ್ಕೂ ಕೊಳ್ಳಬೇಡಿ. ಬ್ಯಾಡ್ಜ್ ಮೇಲೆ ಹೆಸರಿರುತ್ತದೆ, ವರ್ಗಾವಣೆಗೆ ಅವಕಾಶವಿಲ್ಲ. ನನ್ನ ಪರಿಚಯದ ಒಬ್ಬ ಹುಡುಗ ಹೀಗೆ ದುಪ್ಪಟ್ಟು ಹಣ ಕೊಟ್ಟ. ಬ್ಯಾಡ್ಜ್ ಕೈಗೆ ಬರಲೇ ಇಲ್ಲ.

3. ಉಳಿಯುವ ಜಾಗ, ಓಡಾಟ

ಬ್ಯಾಡ್ಜ್ ಸಿಕ್ಕ ಮೇಲೆ ಎರಡನೇ ಯುದ್ಧ ಹೋಟೆಲಿನದು. ಕನ್ವೆನ್ಷನ್ ಸೆಂಟರ್ ಸುತ್ತಲಿನ ಕೋಣೆಗಳಲ್ಲಿ ದೊಡ್ಡ ಪಾಲು ಕಾಮಿಕ್-ಕಾನ್ ಮೂಲಕವೇ ರಿಯಾಯಿತಿ ದರದಲ್ಲಿ ಹಂಚಿಕೆಯಾಗುತ್ತದೆ. ನಿಮಗೆ ಬೇಕಾದ ಹೋಟೆಲ್‌ಗಳ ಪಟ್ಟಿ ಮಾಡಿ ಅರ್ಜಿ ತುಂಬಿ ಕಾಯಬೇಕು. ಊರ ಮಧ್ಯೆ ಸಿಕ್ಕರೆ ಅದೃಷ್ಟ.

ಸಿಗದಿದ್ದರೆ ನಾನು ಹೇಳುವುದು ಊರ ಮಧ್ಯದಿಂದ ಸ್ವಲ್ಪ ದೂರದ ಮಿಷನ್ ವ್ಯಾಲಿ ಬಡಾವಣೆ. ಅಲ್ಲಿಂದ ಟ್ರಾಲಿ, ಅಂದರೆ ಊರೊಳಗೆ ಓಡುವ ಸಣ್ಣ ರೈಲು, ಗ್ರೀನ್ ಲೈನ್‌ನಲ್ಲಿ ನೇರ ಕನ್ವೆನ್ಷನ್ ಸೆಂಟರ್ ಎದುರಿಗೇ ತಂದು ಇಳಿಸುತ್ತದೆ. ಪಟ್ಟಿಯಲ್ಲಿರುವ ಹೋಟೆಲ್‌ಗಳಿಗೆ ಉಚಿತ ಷಟಲ್ ಬಸ್ ಕೂಡ ಇರುತ್ತದೆ. ಕಾರ್ ತರಬೇಡಿ. ಪಾರ್ಕಿಂಗ್‌ಗೂ ಮುಂಚೆಯೇ ಚೀಟಿ ಎತ್ತುತ್ತಾರೆ, ದರವೂ ಜಾಸ್ತಿ. ಲಾಸ್ ಏಂಜಲೀಸ್ ಕಡೆಯಿಂದ ಬರುವವರಿಗೆ ಕಡಲ ದಂಡೆಯ ರೈಲು ಚೆನ್ನಾಗಿದೆ. ಆದರೆ ಸ್ಯಾನ್ ಕ್ಲೆಮೆಂಟೆ ಹತ್ತಿರ ಗುಡ್ಡ ಕುಸಿದು ಹಲವು ಸಲ ಸಂಚಾರ ನಿಂತಿದೆ. ಹೊರಡುವ ವಾರ ಒಮ್ಮೆ ವಿಚಾರಿಸಿ.

4. ಭಾರತದಿಂದ ಬರುವವರಿಗೆ ಎರಡು ಮಾತು

ಬ್ಯಾಡ್ಜ್ ಸಿಕ್ಕಿತು ಅಂದ ಮಾತ್ರಕ್ಕೆ ವೀಸಾ ಸಿಗುವುದಿಲ್ಲ. ಪ್ರವಾಸಿ ವೀಸಾದ ಸಂದರ್ಶನಕ್ಕೆ ಭಾರತದಲ್ಲಿ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಆದ್ದರಿಂದ ವೀಸಾ ಮೊದಲು, ಬ್ಯಾಡ್ಜ್ ಆಮೇಲೆ, ವಿಮಾನದ ಟಿಕೆಟ್ ಕೊನೆಗೆ. ಅಮೆರಿಕದ ವಿಳಾಸ ಇರುವವರಿಗೆ ಬ್ಯಾಡ್ಜ್ ಅಂಚೆಯಲ್ಲಿ ಬರುತ್ತದೆ. ಹೊರದೇಶದವರು ಅಲ್ಲೇ ಗುರುತಿನ ಚೀಟಿ ಮತ್ತು ಬಾರ್‌ಕೋಡ್ ಇರುವ ಕಾಗದ ತೋರಿಸಿ ಪಡೆಯಬೇಕು.

5. ವೇಳಾಪಟ್ಟಿ ಬಂದಾಗ

ಸುಮಾರು ಎರಡು ವಾರ ಮುಂಚೆ ದಿನಕ್ಕೊಂದರಂತೆ ಕಾರ್ಯಕ್ರಮಗಳ ಪಟ್ಟಿ ಹೊರಬರುತ್ತದೆ. ನೂರಾರು ಪ್ಯಾನಲ್‌ಗಳು. ಪ್ಯಾನಲ್ ಅಂದರೆ ನಾಲ್ಕೈದು ಜನ ವೇದಿಕೆ ಮೇಲೆ ಕೂತು ಮಾತಾಡುವ, ಸಾಮಾನ್ಯವಾಗಿ ಒಂದು ಗಂಟೆಯ ಗೋಷ್ಠಿ. ಮೊದಲ ಸಲ ಹೋಗುವವರು ಗಂಟೆಗೊಂದರಂತೆ ಗುರುತು ಹಾಕಿಕೊಂಡು ಬರುತ್ತಾರೆ. ಅದು ಆಗದ ಕೆಲಸ. ಒಂದು ಕೋಣೆಯಿಂದ ಇನ್ನೊಂದಕ್ಕೆ ಜನರ ಮಧ್ಯೆ ನಡೆಯಲೇ ಅರ್ಧ ಗಂಟೆ ಬೇಕು.

ದಿನಕ್ಕೆ ಒಂದು ದೊಡ್ಡ ಆಸೆ, ಎರಡು ಸಣ್ಣ ಆಸೆ. ಅಷ್ಟೇ ಬರೆದುಕೊಳ್ಳಿ. ಸಣ್ಣ ಕೋಣೆಗಳ ಗೋಷ್ಠಿಗಳನ್ನು ದಯವಿಟ್ಟು ಬಿಡಬೇಡಿ. ಅಕ್ಷರ ಬರೆಯುವವರು, ಬಣ್ಣ ತುಂಬುವವರು, ಸಂಪಾದಕರು ತಮ್ಮ ಕಸುಬಿನ ಬಗ್ಗೆ ಬಿಚ್ಚುಮನಸ್ಸಿನಿಂದ ಮಾತಾಡುವುದು ಅಲ್ಲಿ. ಬಹಳ ಸಲ ಐದು ನಿಮಿಷ ಮುಂಚೆ ಹೋದರೂ ಕುರ್ಚಿ ಸಿಗುತ್ತದೆ, ಕೈ ಎತ್ತಿದರೆ ಪ್ರಶ್ನೆಯನ್ನೂ ಕೇಳಬಹುದು. ಶುಕ್ರವಾರ ರಾತ್ರಿ ಐಸ್ನರ್ ಪ್ರಶಸ್ತಿ ಸಮಾರಂಭ. ಅಮೆರಿಕದ ಕಾಮಿಕ್ಸ್ ಕಲಾವಿದ ವಿಲ್ ಐಸ್ನರ್ ಹೆಸರಿನಲ್ಲಿ 1988ರಿಂದ ಕೊಡುತ್ತಿರುವ ಈ ಪ್ರಶಸ್ತಿ ಕಾಮಿಕ್ಸ್ ಲೋಕದ ಅತಿ ದೊಡ್ಡ ಗೌರವ. ಬ್ಯಾಡ್ಜ್ ಇದ್ದವರು ಹಿಂದಿನ ಕುರ್ಚಿಗಳಲ್ಲಿ ಕೂತು ನೋಡಬಹುದು. ಮನೆಯಲ್ಲಿ "ಕಾಮಿಕ್ಸ್ ಓದ್ತಾ ಕೂತ್ರೆ ಉದ್ಧಾರ ಆಗ್ತೀಯಾ" ಅಂತ ಬೈಸಿಕೊಂಡು ಬೆಳೆದ ನಮ್ಮಂಥವರಿಗೆ ಆ ಸಭಾಂಗಣದಲ್ಲಿ ಕೂರುವುದೇ ಒಂದು ಸಂತೋಷ.

6. ಬ್ಯಾಗ್‌ನಲ್ಲಿ ಏನಿರಬೇಕು

ಹಳೆಯ, ಕಾಲಿಗೆ ಒಗ್ಗಿದ ಶೂ. ಹೊಸ ಶೂ ಹಾಕಿಕೊಂಡು ಬಂದವರು ಗುರುವಾರ ಸಂಜೆಯೇ ಕುಂಟುತ್ತಾರೆ. ನೀರಿನ ಬಾಟಲಿ, ಪವರ್ ಬ್ಯಾಂಕ್, ಒಂದು ತೆಳು ಸ್ವೆಟರ್. ಜುಲೈ ಅಂತ ಮೋಸ ಹೋಗಬೇಡಿ. ಕಡಲ ಮೋಡದಿಂದ ಬೆಳಗಿನ ಸಾಲಿನಲ್ಲಿ ಚಳಿ, ಒಳಗೆ ಏಸಿ ಚಳಿ. ಪುಸ್ತಕ ಮಡಚದಂತೆ ಇಡಲು ಒಂದು ಗಟ್ಟಿ ರಟ್ಟಿನ ಫೈಲ್, ಚಿತ್ರಗಳಿಗೆ ಪೋಸ್ಟರ್ ಟ್ಯೂಬ್. ಚಕ್ರದ ಸೂಟ್‌ಕೇಸ್, ತಳ್ಳುಗಾಡಿ, ಸೆಲ್ಫಿ ಸ್ಟಿಕ್ ಬೇಡ, ಅವಕ್ಕೆ ಅನುಮತಿಯಿಲ್ಲ.

ತಿನ್ನಲು ಕಟ್ಟಿಕೊಂಡು ಹೋಗಿ. ಒಳಗಿನ ಊಟ ದುಬಾರಿ, ಸಾಲೂ ಉದ್ದ, ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ. ಚಪಾತಿಯಲ್ಲಿ ಪಲ್ಯ ಸುತ್ತಿಕೊಂಡರೆ ನಿಂತಲ್ಲೇ ತಿನ್ನಬಹುದು. ಕೋಡುಬಳೆ, ಹುರಿದ ಕಡಲೆಬೀಜ ಇದ್ದರೆ ಸಾಲಿನಲ್ಲಿ ಸ್ನೇಹಿತರೂ ಆಗುತ್ತಾರೆ. ಪುಳಿಯೋಗರೆ ಬೇಡ. ಸಾಲಿನಲ್ಲಿ ನಿಂತು ಕೈ ತೊಳೆಯಲು ಎಲ್ಲಿಗೆ ಹೋಗುತ್ತೀರಿ?

ಒಳಗೆ ಹೋದ ಮೇಲೆ ಫೋನ್ ಸಿಗ್ನಲ್ ನಂಬಬೇಡಿ. ಬಾರ್‌ಕೋಡ್, ನಕ್ಷೆ, ಹೋಟೆಲ್ ವಿಳಾಸ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಗುಂಪಿನಲ್ಲಿ ಬಂದವರು ತಪ್ಪಿಸಿಕೊಂಡರೆ ಎಲ್ಲಿ, ಎಷ್ಟು ಗಂಟೆಗೆ ಸೇರಬೇಕು ಅಂತ ಬೆಳಗ್ಗೆಯೇ ಮಾತಾಡಿಕೊಳ್ಳಿ. ಒಳಗೆ ಹೋಗುವಾಗ ಬ್ಯಾಡ್ಜ್ ಅನ್ನು ಯಂತ್ರಕ್ಕೆ ತಾಗಿಸುವ ಹಾಗೇ ಹೊರಗೆ ಬರುವಾಗಲೂ ತಾಗಿಸಬೇಕು. ಮರೆತರೆ ಮತ್ತೆ ಒಳಗೆ ಹೋಗುವಾಗ ತಡೆಯುತ್ತಾರೆ.

7. ಹಾಲ್ ಎಚ್: ಹೋಗಬೇಕಾ, ಬೇಡವಾ?

ಟಿವಿಯಲ್ಲಿ ಕಾಣುವ ದೊಡ್ಡ ಸಭಾಂಗಣ ಇದು. ಸುಮಾರು 6,500 ಜನ ಕೂರುತ್ತಾರೆ. ಊರಿಗೆ ಬಂದವರು 1,30,000. ಲೆಕ್ಕ ನೀವೇ ಹಾಕಿ. ದೊಡ್ಡ ಕಾರ್ಯಕ್ರಮ ಇದ್ದರೆ ಹಿಂದಿನ ದಿನವೇ ಸಾಲು ಬೆಳೆಯುತ್ತದೆ. ಸಂಜೆ ರಿಸ್ಟ್‌ಬ್ಯಾಂಡ್ ಕೊಡುತ್ತಾರೆ. ಅಂದರೆ ಮುಂಗೈಗೆ ಕಟ್ಟುವ ಪಟ್ಟಿ, ಸಾಲಿನಲ್ಲಿ ನಿಮ್ಮ ಜಾಗಕ್ಕೆ ಗುರುತು. ಅದು ಸಿಕ್ಕ ಮೇಲೆ ಗುಂಪಿನಲ್ಲಿ ಯಾರಾದರೂ ಜಾಗ ಕಾಯುತ್ತಿದ್ದರೆ ಉಳಿದವರು ಹೋಗಿ ಮಲಗಬಹುದು. ಆದರೆ ಬೆಳಗ್ಗೆ ಹೇಳಿದ ಹೊತ್ತಿಗೆ ಎಲ್ಲರೂ ಅಲ್ಲಿರಬೇಕು.

ಒಂದು ಕಾರ್ಯಕ್ರಮ ಮುಗಿದ ಮೇಲೆ ಸಭಾಂಗಣ ಖಾಲಿ ಮಾಡಿಸುವುದಿಲ್ಲ. ಮಧ್ಯಾಹ್ನದ ಕಾರ್ಯಕ್ರಮ ಬೇಕಾದವರು ಬೆಳಗ್ಗೆಯಿಂದಲೇ ಕೂತಿರುತ್ತಾರೆ. "ಮೂರು ಗಂಟೆಗೆ ಇದೆ, ಎರಡಕ್ಕೆ ಹೋದರಾಯಿತು" ಅಂದರೆ ಬಾಗಿಲನ್ನೂ ನೋಡಲಾಗುವುದಿಲ್ಲ.

ನನ್ನ ಮೊದಲ ವರ್ಷದ ಶನಿವಾರ ಪೂರ್ತಿ ಈ ಸಾಲಿಗೇ ಹೋಯಿತು. ಐದು ಗಂಟೆ ನಿಂತು ಒಳಗೆ ಹೋಗಲಾಗಲಿಲ್ಲ. ಚಿಕ್ಕಂದಿನಿಂದ ಯಾರ ಚಿತ್ರಗಳನ್ನು ನೋಡಿ ಬೆಳೆದಿದ್ದೆನೋ ಆ ಕಲಾವಿದರ ಮೇಜಿಗೆ ಭಾನುವಾರ ಓಡಿದೆ. ಅವರು ಶನಿವಾರ ಸಂಜೆಯೇ ಹೊರಟಿದ್ದರು. ಖಾಲಿ ಮೇಜಿನ ಮುಂದೆ ನಿಂತದ್ದು ಇವತ್ತಿಗೂ ನೋಯುತ್ತದೆ. ಅವತ್ತಿನಿಂದ ನಾನು ಹಾಲ್ ಎಚ್‌ಗೆ ಹೋಗಿಲ್ಲ. ಅಲ್ಲಿ ತೋರಿಸುವ ಬಹುತೇಕ ಟ್ರೇಲರ್‌ಗಳು ನಂತರ ಮನೆಯಲ್ಲೇ ಸಿಗುತ್ತವೆ. ಕಲಾವಿದರ ಜೊತೆಗಿನ ಹತ್ತು ನಿಮಿಷ ಸಿಗುವುದಿಲ್ಲ. ನಿಮಗೆ ಹಾಲ್ ಎಚ್ ಬೇಕೇ ಬೇಕು ಅಂದರೆ ಒಂದು ದಿನವನ್ನು ಅದಕ್ಕೇ ಬಿಟ್ಟುಕೊಡಿ, ಆ ದಿನ ಬೇರೇನೂ ಇಟ್ಟುಕೊಳ್ಳಬೇಡಿ.

8. ನೆಲಮಹಡಿ: ನಿಧಾನವಾಗಿ ಕಳೆಯಬೇಕಾದ ಜಾಗ

ಎಕ್ಸಿಬಿಟ್ ಹಾಲ್ ಅಂದರೆ ಮಳಿಗೆಗಳ ಮಹಡಿ. ಒಂದು ತುದಿಯಿಂದ ಇನ್ನೊಂದು ತುದಿ ಕಾಣುವುದಿಲ್ಲ. ಸಾಲುಗಳಿಗೆ ಸಂಖ್ಯೆ ಇದೆ, 100ರಿಂದ ಶುರುವಾಗಿ 5,000 ದಾಟುತ್ತದೆ. ನಡುವೆ ಆಟಿಕೆ, ಸಿನಿಮಾ ಕಂಪನಿಗಳ ಭಾರಿ ಮಳಿಗೆಗಳು, ಅಲ್ಲೇ ನೂಕುನುಗ್ಗಲು. ಹೆಚ್ಚಿನವರು ಅಲ್ಲೇ ಸುಸ್ತಾಗಿ ವಾಪಸ್ ಹೋಗುತ್ತಾರೆ. ನೀವು ಎರಡು ತುದಿಗಳಿಗೆ ಹೋಗಿ.

ದೊಡ್ಡ ಸಂಖ್ಯೆಗಳ ಕಡೆಯ ತುದಿಯಲ್ಲಿ ಆರ್ಟಿಸ್ಟ್ಸ್ ಆಲಿ ಇದೆ. ಕಲಾವಿದರು ಒಂದೊಂದು ಮೇಜು ಹಾಕಿಕೊಂಡು ಕೂರುವ ಬೀದಿ. ಅವರೇ ಮಾರುತ್ತಾರೆ, ಅವರೇ ಸಹಿ ಹಾಕುತ್ತಾರೆ, ಕಣ್ಣೆದುರೇ ಬರೆಯುತ್ತಾರೆ. ಕಮಿಷನ್ ಅಂದರೆ ನೀವು ಹೇಳಿದ ಪಾತ್ರವನ್ನು ನಿಮಗಾಗಿ ಹಣಕ್ಕೆ ಬರೆದುಕೊಡುವುದು. ಬೇಕಾದರೆ ಮೊದಲ ದಿನ ಬೆಳಗ್ಗೆಯೇ ಹೋಗಿ ಹೇಳಿ. ಮಧ್ಯಾಹ್ನದ ಹೊತ್ತಿಗೆ ಅನೇಕರ ಪಟ್ಟಿ ತುಂಬಿರುತ್ತದೆ. ದರ ಮೊದಲೇ ಕೇಳಿ. ಚೌಕಾಸಿ ಮಾಡಬೇಡಿ. ಹಳೆ ಪುಸ್ತಕದ ಅಂಗಡಿಯಲ್ಲಿ ಚೌಕಾಸಿ ಸರಿ, ಆದರೆ ಒಬ್ಬರ ಕೈಕೆಲಸಕ್ಕೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಯಾರಾದರೂ ಏಕಾಗ್ರತೆಯಿಂದ ಬರೆಯುತ್ತಿದ್ದರೆ ಪಕ್ಕಕ್ಕೆ ನಿಂತು ನೋಡಿ, ಅವರೇ ತಲೆ ಎತ್ತುತ್ತಾರೆ. ನಿಮಗೆ ಅವರ ಯಾವ ಪುಟ ಇಷ್ಟ, ಯಾಕೆ ಇಷ್ಟ ಅಂತ ಒಂದು ಮಾತು ಹೇಳಿ. ಬರಿ "ದೊಡ್ಡ ಅಭಿಮಾನಿ" ಅನ್ನುವುದಕ್ಕಿಂತ ಅದು ಅವರಿಗೆ ಹೆಚ್ಚು. ಚಿಲ್ಲರೆ ನೋಟು ಜೊತೆಗಿರಲಿ. ಸಿಗ್ನಲ್ ಇಲ್ಲದಾಗ ಕಾರ್ಡ್ ಯಂತ್ರ ನಡೆಯುವುದಿಲ್ಲ.

ಇನ್ನೊಂದು ಕಡೆ ಹಳೆಯ ಕಾಮಿಕ್ಸ್ ವ್ಯಾಪಾರಿಗಳು. ಉದ್ದನೆಯ ಬಿಳಿ ರಟ್ಟಿನ ಪೆಟ್ಟಿಗೆಗಳಲ್ಲಿ ಸಾವಿರಾರು ಸಂಚಿಕೆ. ಇಲ್ಲಿ ಕೆಲವು ಪದ ಗೊತ್ತಿರಬೇಕು. ಗೋಲ್ಡನ್ ಏಜ್ ಅಂದರೆ 1938ರಿಂದ ಶುರುವಾದ ಕಾಲದ ಸಂಚಿಕೆಗಳು. ಸಿಲ್ವರ್ ಏಜ್ ಅಂದರೆ 1956ರಿಂದ ಮುಂದಿನವು. ಸ್ಲ್ಯಾಬ್ ಅಂದರೆ ತಜ್ಞರು ಪರೀಕ್ಷಿಸಿ, 10ಕ್ಕೆ ಇಷ್ಟು ಅಂತ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಮುಚ್ಚಿಟ್ಟ ಪುಸ್ತಕ. ಅದನ್ನು ಓದಲಾಗುವುದಿಲ್ಲ, ಇಟ್ಟುಕೊಳ್ಳಬಹುದು ಅಷ್ಟೇ. ಓದುವ ಆಸೆ ಇದ್ದವರು ಸ್ಲ್ಯಾಬ್ ಬಿಟ್ಟು, ಅಂಚು ಸವೆದ ಅಗ್ಗದ ಪ್ರತಿ ಹುಡುಕಿ. ದುಬಾರಿ ಪುಸ್ತಕ ಕೊಳ್ಳುವಾಗ ವ್ಯಾಪಾರಿಗೆ ಹೇಳಿ ಹೊದಿಕೆ ತೆಗೆಸಿ ನೋಡಿ. ಪುಟ ಕಿತ್ತಿದೆಯೇ, ಒಳಗೆ ಕೂಪನ್ ಕತ್ತರಿಸಿದ್ದಾರೆಯೇ, ಬಣ್ಣ ಹಚ್ಚಿ ಸರಿಪಡಿಸಿದ್ದಾರೆಯೇ ನೋಡದೆ ಹಣ ಕೊಡಬೇಡಿ. ಭಾನುವಾರ ಮಧ್ಯಾಹ್ನದ ನಂತರ ಬೆಲೆ ಇಳಿಯುವುದುಂಟು, ಹೊತ್ತುಕೊಂಡು ಹೋಗುವುದಕ್ಕಿಂತ ಮಾರುವುದು ಅವರಿಗೂ ಸುಲಭ.

ಎಕ್ಸ್‌ಕ್ಲೂಸಿವ್ ಅಂದರೆ ಇಲ್ಲಿ ಮಾತ್ರ ಮಾರುವ ಆಟಿಕೆ, ಪುಸ್ತಕ. ಇವುಗಳಲ್ಲಿ ಬೇಡಿಕೆ ಜಾಸ್ತಿ ಇರುವವಕ್ಕೆ ಮುಂಚೆಯೇ ಮೆಂಬರ್ ಐಡಿ ಮೂಲಕ ಚೀಟಿ ಎತ್ತುತ್ತಾರೆ. ಜುಲೈ ಮೊದಲ ವಾರಗಳಲ್ಲಿ ನಿಮ್ಮ ಇಮೇಲ್ ನೋಡುತ್ತಿರಿ.

ಮನೆಯಲ್ಲಿ ಚಿತ್ರ ಬರೆಯುವ ಮಗ, ಮಗಳು ಇದ್ದರೆ ಇದನ್ನು ಗಮನವಿಟ್ಟು ಓದಿ. ಇಲ್ಲಿ ಪೋರ್ಟ್‌ಫೋಲಿಯೋ ರಿವ್ಯೂ ನಡೆಯುತ್ತದೆ. ಅಂದರೆ ಪ್ರಕಾಶಕರು, ಸ್ಟುಡಿಯೋದವರು ಹೊಸಬರ ಚಿತ್ರಗಳನ್ನು ನೋಡಿ ನೇರವಾಗಿ ಅಭಿಪ್ರಾಯ ಹೇಳುತ್ತಾರೆ. ಒಂಟಿ ಚಿತ್ರಗಳಿಗಿಂತ ಕಥೆ ಹೇಳುವ ನಾಲ್ಕೈದು ಪುಟ ತನ್ನಿ. ಕೆಲಸ ಸಿಗಬಹುದು, ಸಿಗದಿರಬಹುದು. ಆದರೆ ಮನೆಯವರ ಹೊಗಳಿಕೆಯಲ್ಲಿ ಸಿಗದ ಪಾಠ ಅಲ್ಲಿ ಸಿಗುತ್ತದೆ.

9. ವೇಷ ಹಾಕುವವರಿಗೆ, ಫೋಟೊ ತೆಗೆಯುವವರಿಗೆ

ಕಾಸ್‌ಪ್ಲೇ ಅಂದರೆ ಇಷ್ಟದ ಪಾತ್ರದ ವೇಷ ಹಾಕುವುದು. ನಿಜವಾದ ಆಯುಧ, ಲೋಹದ ಕತ್ತಿ ನಡೆಯುವುದಿಲ್ಲ. ರಟ್ಟು, ಫೋಮ್‌ನದ್ದು ಸರಿ, ಅದನ್ನೂ ತಪಾಸಣೆ ಮಾಡಿಸಿ ಗುರುತು ಹಾಕಿಸಿಕೊಳ್ಳಬೇಕು. ಶೌಚಾಲಯಕ್ಕೆ ಹೋಗಿ ಬರಲು ಆಗುವಂಥ ವೇಷ ಹೊಲಿಸಿಕೊಳ್ಳಿ, ಮನೆಯಲ್ಲಿ ಒಮ್ಮೆ ಹಾಕಿ ಮೆಟ್ಟಿಲು ಹತ್ತಿ ನೋಡಿ. ಬೇರೆಯವರ ಫೋಟೊ ತೆಗೆಯುವಾಗ ಕೇಳಿ ತೆಗೆಯಿರಿ. ಹೆಗಲ ಮೇಲೆ ಕೈ ಹಾಕುವ ಮುಂಚೆಯೂ ಕೇಳಿ. ವೇಷ ಹಾಕಿದ್ದಾರೆ ಅಂದ ಮಾತ್ರಕ್ಕೆ ಒಪ್ಪಿಗೆ ಕೊಟ್ಟ ಹಾಗಲ್ಲ. ನಡೆಯುವ ದಾರಿಯ ಮಧ್ಯೆ ನಿಲ್ಲಿಸಬೇಡಿ, ಹಿಂದೆ ನೂರು ಜನ ನಿಲ್ಲುತ್ತಾರೆ. ಶನಿವಾರ ರಾತ್ರಿ ವೇಷಗಳ ಸ್ಪರ್ಧೆ ಮಾಸ್ಕರೇಡ್ ಇದೆ. ತಿಂಗಳುಗಟ್ಟಲೆ ಕೂತು ಹೊಲಿದ ಬಟ್ಟೆಗಳನ್ನು ಹತ್ತಿರದಿಂದ ನೋಡಲು ಅದು ಒಳ್ಳೆಯ ಅವಕಾಶ.

10. ಮಕ್ಕಳ ಜೊತೆ

12 ವರ್ಷದವರೆಗಿನ ಮಕ್ಕಳಿಗೆ ಬ್ಯಾಡ್ಜ್ ಇರುವ ದೊಡ್ಡವರ ಜೊತೆ ಪುಕ್ಕಟೆ. ಅವರಿಗೆ ಅಲ್ಲೇ ನೋಂದಣಿ. ಮಗುವಿನ ಅಂಗಿಗೆ ನಿಮ್ಮ ಫೋನ್ ಸಂಖ್ಯೆ ಬರೆದ ಚೀಟಿ ಪಿನ್ ಮಾಡಿ. ಭಾನುವಾರ ಮಕ್ಕಳ ಕಾರ್ಯಕ್ರಮ ಹೆಚ್ಚು. ಎರಡು ಗಂಟೆಗೊಮ್ಮೆ ಹಿಂಭಾಗದ ಕಡಲ ದಂಡೆಗೆ ಕರೆದುಕೊಂಡು ಹೋಗಿ ಗಾಳಿಗೆ ಬಿಡಿ. ಆ ಗದ್ದಲದಲ್ಲಿ ದೊಡ್ಡವರಿಗೇ ತಲೆ ಸಿಡಿಯುತ್ತದೆ, ಮಕ್ಕಳ ಪಾಡು ಕೇಳಬೇಕೆ?

11. ಬ್ಯಾಡ್ಜ್ ಸಿಗದವರು

ಸುಮ್ನೆ ಮನೆಯಲ್ಲಿ ಕೂರಬೇಡಿ. ಎದುರಿನ ಗ್ಯಾಸ್‌ಲ್ಯಾಂಪ್ ಬಡಾವಣೆ ಆ ವಾರ ಪೂರ್ತಿ ಜಾತ್ರೆ. ಆಫ್‌ಸೈಟ್ ಅಂದರೆ ಕನ್ವೆನ್ಷನ್ ಸೆಂಟರ್ ಹೊರಗೆ ಕಂಪನಿಗಳು ಹಾಕುವ ಪ್ರದರ್ಶನಗಳು. ಅವುಗಳಲ್ಲಿ ಹಲವಕ್ಕೆ ಬ್ಯಾಡ್ಜ್ ಬೇಡ, ಹಣವೂ ಬೇಡ, ಸಾಲಿನಲ್ಲಿ ನಿಂತರೆ ಸಾಕು. ಬಾಲ್ಬೋವಾ ಪಾರ್ಕ್‌ನಲ್ಲಿ 2021ರ ನವೆಂಬರ್‌ನಲ್ಲಿ ತೆರೆದ ಕಾಮಿಕ್-ಕಾನ್ ಮ್ಯೂಸಿಯಂ ಇದೆ. ವರ್ಷದ ಬೇರೆ ಸಮಯದಲ್ಲಿ ಸ್ಯಾನ್ ಡಿಯಾಗೊಗೆ ಬಂದವರೂ ಇದನ್ನು ನೋಡಬಹುದು.

12. ಭಾನುವಾರ

ಮಳಿಗೆಗಳು ಸಂಜೆ 5ಕ್ಕೆ ಮುಚ್ಚುತ್ತವೆ, ಬೇರೆ ದಿನಗಳ ಹಾಗೆ 7ಕ್ಕಲ್ಲ. ಕಮಿಷನ್ ಕೊಟ್ಟಿದ್ದರೆ ಮಧ್ಯಾಹ್ನದೊಳಗೆ ಹೋಗಿ ತೆಗೆದುಕೊಳ್ಳಿ. ಅದೇ ಸಂಜೆಯ ವಿಮಾನ ಬುಕ್ ಮಾಡಬೇಡಿ, ಸೋಮವಾರ ಬೆಳಗ್ಗೆ ಹೊರಡಿ. ನಾಲ್ಕು ದಿನ ಜನರ ಮಧ್ಯೆ ಇದ್ದವರಲ್ಲಿ ಬಹಳ ಜನಕ್ಕೆ ಆ ವಾರ ಕೆಮ್ಮು, ಜ್ವರ ಬರುತ್ತದೆ, ಮಾಸ್ಕ್ ಹಾಕಿಕೊಂಡರೆ ಒಳ್ಳೆಯದು. ಕೊಂಡ ಪುಸ್ತಕಗಳನ್ನು ರಟ್ಟಿನ ಸಮೇತ ಕೈಚೀಲದಲ್ಲೇ ಇಟ್ಟುಕೊಳ್ಳಿ, ವಿಮಾನದ ಲಗೇಜಿಗೆ ಹಾಕಬೇಡಿ.

ಊರಿಗೆ ಬಂದ ಮೇಲೆ ಮೆಂಬರ್ ಐಡಿಯ ಇಮೇಲ್ ವಿಳಾಸ, ಪಾಸ್‌ವರ್ಡ್ ಒಂದು ಕಡೆ ಬರೆದಿಡಿ. ಕೆಲಸ ಬಿಟ್ಟರೆ ಮುಚ್ಚಿಹೋಗುವ ಆಫೀಸ್ ಇಮೇಲ್ ಕೊಟ್ಟಿದ್ದರೆ ಬದಲಾಯಿಸಿ. ನೀವು ಈಗ ರಿಟರ್ನಿಂಗ್ ರಿಜಿಸ್ಟ್ರೇಷನ್‌ಗೆ ಅರ್ಹರು. ಆ ಸುತ್ತಿನ ದಿನಾಂಕ ತಿಳಿಸುವ ಪತ್ರ ಬರುವುದು ಆ ವಿಳಾಸಕ್ಕೇ.